ಇಂದು ರವಿವಾರ, ನಾಳೆ ವಿಮಾನ

2024ರ ಸೆಪ್ಟೆಂಬರ್ ತಿಂಗಳ ಕೊನೆಯ ರವಿವಾರ. ಊಟ ಮುಗಿಸಿ, ಪೇಪರು ಮುಖದ ಮೇಲೆ ಹಾಕಿಕೊಂಡು ಅಡ್ಡಾಗಿದ್ದೆ. ಸಪ್ತಾಪುರದಿಂದ ತಂಗಿಯ ಫೋನು ಬಂತು. “ಅಣ್ಣಾ, ಲಗೂನ ಬಾ. ಹುಡುಗಿ ಅಳಾಕತ್ತಾಳ.”

ಧಾರವಾಡದ ಮಂದಿ ರವಿವಾರ ಮಧ್ಯಾಹ್ನದ ನಿದ್ದೆಯನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಆದರೂ ಅವ್ವನನ್ನು ಕರೆದುಕೊಂಡು ಹೊರಟೆ. ಹೋಗಿ ನೋಡಿದರೆ ಮನೆಯವರೆಲ್ಲ ಒಂದು ಫೋನಿನ ಸುತ್ತ ಸತ್ಯನಾರಾಯಣ ಪೂಜೆಗೆ ಕೂತಂತೆ ಕೂತಿದ್ದರು. ಫೋನಿನೊಳಗೆ ನನ್ನ ಸೊಸಿ, ಎಂದರೆ ತಂಗಿಯ ಮಗಳು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಎರಡು ವರ್ಷ ಓದು ಮುಗಿಸಿ ಮರುದಿನ ವಿಮಾನ ಹತ್ತುವವಳು. ಅವಳ ಹಿಂದೆ ಬಾಯಿ ತೆರೆದ ಎರಡು ಸೂಟ್‌ಕೇಸುಗಳು. ಸುತ್ತ ಹರಡಿದ್ದ ಸಾಮಾನು ನೋಡಿದರೆ ಮಂಗಳವಾರದ ಸಂತೆ ಕಿತ್ತುಹೋದ ಮೇಲಿನ ಬಯಲಿನಂತಿತ್ತು. ಈ ಕಡೆಯಿಂದ ಒಬ್ಬೊಬ್ಬರದು ಒಂದೊಂದು ಸಲಹೆ. ಪುಸ್ತಕ ಕೆಳಗೆ ಹಾಕು ಎಂದು ಒಬ್ಬರು, ಮೇಲೆ ಹಾಕು ಎಂದು ಇನ್ನೊಬ್ಬರು. ತೂಕದ ಕೊಕ್ಕೆ ಹಚ್ಚಿ ಅವಳು ಪೆಟ್ಟಿಗೆ ಎತ್ತಿದಳು. ಅದು ಇಪ್ಪತ್ತಾರು ಕಿಲೋ ಎಂದಿತು. ಇಪ್ಪತ್ತಮೂರಕ್ಕಿಂತ ಹೆಚ್ಚು ಬಿಡುವುದಿಲ್ಲವಂತೆ.

“ಅದಕ್ಯಾಕ ಅಳ್ತಿ? ಮೂರು ಕಿಲೋ ಬಿಟ್ಟು ಬಾ” ಎಂದೆ.

“ತೂಕದ್ದಲ್ಲ ಮಾಮಾ. ಗ್ವಾಡ್ಯಾಗ ಒಂಬತ್ತು ತೂತು ಅದಾವ. ಸಂಜೀಕ ಮನಿ ಮಾಲಕರು ಬರ್ತಾರ. ಇವತ್ತ ರವಿವಾರ, ಒಂದಂಗಡಿ ತೆಗದಿಲ್ಲ.”

ನನಗೆ ನಗು ಬಂದುಬಿಟ್ಟಿತು. ತಂಗಿ ಕೆಕ್ಕರಿಸಿ ನೋಡಿದಳು. ನಕ್ಕಿದ್ದು ತಪ್ಪೇ. ಆದರೆ ಅದೇ ಊರಿನಲ್ಲಿ, ಅದೇ ಸೆಪ್ಟೆಂಬರ್ ಕೊನೆಯ ಒಂದು ರವಿವಾರ, ಒಂದು ಗೋಡೆಯ ಮುಂದೆ ನಾನೂ ಹೀಗೇ ಅಳುವ ಮುಖ ಮಾಡಿಕೊಂಡು ನಿಂತಿದ್ದೆ. ಆಗ ನನ್ನ ಅಳು ಕೇಳಿಸುವ ಫೋನು ಇರಲಿಲ್ಲ, ಅಷ್ಟೆ.

“ಮೊದಲ ಒಂದು ಹೇಳು. ಬ್ಯಾಂಕಿನ ಖಾತೆ ಮುಚ್ಚೀಯೇನು?”

“ಇಲ್ಲ ಮಾಮಾ.”

“ಹಂಗಾರ ಅರ್ಧ ಗಂಡಾಂತರ ಪಾರಾದಿ. ಇನ್ನ ಕೆಳಗಿನ ಮನಿ ಬಾಗಿಲ ಬಡಿ. ಬಿಳೀ ಬಣ್ಣದ ಡಬ್ಬಿ ಇಲ್ಲದ ಮನಿ ಆ ದೇಶದಾಗಿಲ್ಲ.”

ಅವಳು ಕಣ್ಣೊರೆಸಿಕೊಂಡು ಹೋದಳು. ಫೋನು ಖಾಲಿ ಗೋಡೆಯನ್ನು ತೋರಿಸುತ್ತ ಉಳಿಯಿತು. ಇಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಂಕಿನ ಖಾತೆಗೂ ಗೋಡೆಯ ತೂತಿಗೂ ಏನು ಸಂಬಂಧ ಎಂದು ಅಳಿಯ, ಅಂದರೆ ತಂಗಿಯ ಗಂಡ, ಕೇಳಿದರು. ಸಂಬಂಧವಿತ್ತು. ಅವರ ಮದುವೆಗೂ ಸಂಬಂಧವಿತ್ತು. ಅದು ಅವರಿಗೆ ಅಂದಿನವರೆಗೂ ಗೊತ್ತಿರಲಿಲ್ಲ.

ನಾನು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ 1996ರಲ್ಲಿ ಸ್ಟುಟ್‌ಗಾರ್ಟಿಗೆ ಹೋದವನು. ಜರ್ಮನಿಯನ್ನೇ ಏಕೆ ಆರಿಸಿದೆ ಎಂದು ಕೇಳಿದವರಿಗೆ ಅಲ್ಲಿಯ ನೀರಾವರಿ ಶಾಸ್ತ್ರದ ಹಿರಿಮೆಯನ್ನು ಹೇಳುತ್ತಿದ್ದೆ. ನಿಜವಾದ ಕಾರಣ ಅಲ್ಲಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇರಲಿಲ್ಲ ಎಂಬುದು. (ಈಗ ಆ ಸೀಮೆಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಇದನ್ನು ಓದಿ ಹಿಗ್ಗಬಾರದು. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಗೆ ಅರ್ಧ ವರ್ಷಕ್ಕೆ 1500 ಯೂರೋ ಶುಲ್ಕ ಹಾಕಿದೆ.) ಶುಲ್ಕವಿಲ್ಲದಿದ್ದರೂ ವಿಮಾನದ ಟಿಕೆಟ್ಟು ಬೇಕಲ್ಲ, ಮೊದಲ ತಿಂಗಳ ಬಾಡಿಗೆ ಬೇಕಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಅವ್ವನ ನಾಲ್ಕು ಪಾಟಲಿ ಬ್ಯಾಂಕಿನಲ್ಲಿ ಅಡವು ಕೂತವು. ಆ ಪಾಟಲಿಗಳು ತಂಗಿಯ ಮದುವೆಗೆಂದು ಇಟ್ಟವು. ಓದು ಮುಗಿಸಿ ಬರುವಾಗ ಬಿಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದೆ.

ಎರಡು ವರ್ಷ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ಹೊಟ್ಟೆ ಹೊರೆದದ್ದಾಯಿತು. ಉಳಿದದ್ದು ಎಂದರೆ ಮನೆ ಮಾಲಕಿಯ ಹತ್ತಿರವಿದ್ದ 800 ಮಾರ್ಕು ಮುಂಗಡ ಠೇವಣಿ. ಆಗ ಒಂದು ಮಾರ್ಕಿಗೆ ಸುಮಾರು 25 ರೂಪಾಯಿ. ಲೆಕ್ಕ ಹಾಕಿ, ಕೋಣೆ ಬಿಡುವ ದಿನ ಆ ಹಣ ಕೈಗೆ ಬರುತ್ತದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಧಾರವಾಡಕ್ಕೆ ಬಂದು ನೆಟ್ಟಗೆ ಬ್ಯಾಂಕಿಗೆ ಹೋಗುವುದು ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಆ ಪಾಟಲಿ ಬಿಡಿಸಿದ್ದೆ.

ಅಪ್ಪ ತಮಗಾಗಿ ಏನೂ ಕೇಳಿರಲಿಲ್ಲ. ವಾಚು ಬೇಡ, ಪೆನ್ನು ಬೇಡ. ಕೇಳಿದ್ದು ಒಂದೇ: “ಟ್ಯೂಬಿಂಗನ್ನಿಗೆ ಹೋಗಿ ಬಾ.” ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡ ಊರು ಅದು. 1853ರಲ್ಲಿ ಬಾಸೆಲ್ ಮಿಶನ್ನಿನವರಾಗಿ ನಮ್ಮ ನಾಡಿಗೆ ಬಂದು, ಧಾರವಾಡದ ಮಣ್ಣಿನಲ್ಲಿ ಓಡಾಡಿ, 1894ರಲ್ಲಿ ಮಂಗಳೂರಿನಲ್ಲಿ ಆ ದೊಡ್ಡ ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದವರು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟು ಕೊಟ್ಟು ಗೌರವಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಅಪ್ಪನ ಹತ್ತಿರ ಆ ನಿಘಂಟಿನ ಹಳೆಯ ಪ್ರತಿಯೊಂದಿತ್ತು. ರಟ್ಟು ಹರಿದು, ಅವ್ವನ ಸೀರೆಯ ತುಂಡಿನಿಂದ ಹೊದಿಕೆ ಹಾಕಿಸಿಕೊಂಡು ದೇವರ ಕೋಣೆಯ ಮಾಡದಲ್ಲಿ ಕೂತಿತ್ತು. ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗನ್ ರೈಲಿನಲ್ಲಿ ಒಂದು ತಾಸಿನ ದಾರಿ. ಒಂದು ತಾಸು! ಅಷ್ಟು ಹತ್ತಿರವಿದ್ದರೆ ಯಾರಾದರೂ ಹೋಗುತ್ತಾರೆಯೇ? ಧಾರವಾಡದಲ್ಲಿದ್ದು ಜೋಗ ನೋಡದವರು ಎಷ್ಟು ಮಂದಿಯಿಲ್ಲ. ಬರುವ ರವಿವಾರ, ಬರುವ ತಿಂಗಳು ಎಂದು ಎರಡು ವರ್ಷ ಸವೆದು, ಕೊನೆಗೆ ಉಳಿದದ್ದು ಕೊನೆಯ ರವಿವಾರ. ಅದು 1998ರ ಸೆಪ್ಟೆಂಬರ್ 27. ಮರುದಿನ ಫ್ರಾಂಕ್‌ಫರ್ಟಿನಿಂದ ವಿಮಾನ.

ಲೆಕ್ಕ ಚುಕ್ತಾ ಮಾಡಿ ಬರಬೇಕೆನ್ನುವುದು ಮಾಸ್ತರರ ಮಗನ ಬುದ್ಧಿ. ಶುಕ್ರವಾರವೇ ಎಲ್ಲ ಕೆಲಸ ಮುಗಿಸಿದ್ದೆ. ಆ ದೇಶದಲ್ಲಿ ಊರಿಗೆ ಬಂದಾಗ ಬಂದೆನೆಂದು ಹೇಗೋ, ದೇಶ ಬಿಟ್ಟು ಹೋಗುವಾಗ ಹೋದೆನೆಂದೂ ಕಚೇರಿಗೆ ಹೋಗಿ ಬರೆಸಬೇಕು. ‘ಆಬ್‌ಮೆಲ್ಡುಂಗ್’ ಎನ್ನುತ್ತಾರೆ. ಇಂದಿಗೂ ಇದೆ. ಆ ಚೀಟಿ ಇಸಿದುಕೊಂಡೆ. ಹನ್ನೊಂದು ಕಿಲೋ ಪುಸ್ತಕಗಳನ್ನು ಎರಡು ಪೆಟ್ಟಿಗೆ ಮಾಡಿ ಹಡಗಿನ ಅಂಚೆಗೆ ಹಾಕಿದೆ. ಅವು ಮೂರು ತಿಂಗಳಿಗೆ ಬಂದು ಮುಟ್ಟಿದವು. ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಬಾಕಿಯಿಲ್ಲದ ಕಾಗದ ಪಡೆದೆ. ಬ್ಯಾಂಕಿಗೆ ಹೋಗಿ ಉಳಿದಿದ್ದ ಅಷ್ಟಿಷ್ಟು ಹಣ ಎಣಿಸಿಕೊಂಡು ಖಾತೆಯನ್ನು ಮುಚ್ಚಿಸಿದೆ. ಕೌಂಟರಿನ ಹೆಂಗಸು ನನ್ನ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದಳು. ಎಂಥ ಅಚ್ಚುಕಟ್ಟು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶನಿವಾರ ಬಂದವರ ದಿನ. ಒಬ್ಬನು ಊರಿಗೆ ಹೊರಟನೆಂಬ ಸುದ್ದಿ ಪರದೇಶದ ಕನ್ನಡಿಗರಲ್ಲಿ ಹೇಗೆ ಹಬ್ಬುತ್ತದೆಯೋ! ಎರಡು ವರ್ಷದಲ್ಲಿ ಒಮ್ಮೆಯೂ ನನ್ನ ಕೋಣೆಯ ಮೆಟ್ಟಿಲು ಹತ್ತದವರು ಅಂದು ಹತ್ತಿದರು. ಎಲ್ಲರ ಕೈಯಲ್ಲಿಯೂ ‘ಒಂದು ಸಣ್ಣ ಪುಡಿಕೆ’. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ತಾಯಿಗೆ ಕಾಲಿನ ಬೂಟು, ಗದುಗಿನ ಮಾವನಿಗೆ ರಕ್ತದೊತ್ತಡ ನೋಡುವ ಯಂತ್ರ, ಹೆಸರು ಹೇಳಲೊಲ್ಲದ ಯಾರಿಗೋ ಒಂದು ದೋಸೆಯ ತವೆ. ತವೆ ಎರಡು ಕಿಲೋ ಇತ್ತು. ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನು ಅಲ್ಲಿಗೆ ಹೋಗುವಾಗ ನನ್ನ ಪೆಟ್ಟಿಗೆಯಲ್ಲಿಯೂ ಇನ್ನೊಬ್ಬರ ಮನೆಯ ಶೇಂಗಾ ಚಟ್ನಿ ಇತ್ತಲ್ಲ.

ಆಗ ಯುರೋಪಿನಿಂದ ಬರುವವರಿಗೆ ಇಪ್ಪತ್ತೇ ಕಿಲೋ. ತೂಕದ ಕೊಕ್ಕೆಗಳು ಇರಲಿಲ್ಲ. ಧಾರವಾಡ ಬಿಡುವಾಗ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಗೆ ಪೆಟ್ಟಿಗೆ ಹಚ್ಚಿ ತೂಗಿದ್ದೆವು. ಇಲ್ಲಿ ಕೆಳಗಿನ ಮನೆಯ ತುರ್ಕಿ ಅಜ್ಜನ ಹತ್ತಿರ ಮೈತೂಕದ ಯಂತ್ರವಿತ್ತು. ಪೆಟ್ಟಿಗೆ ಹೊತ್ತು ಒಮ್ಮೆ ನಿಂತೆ, ಬಿಟ್ಟು ಒಮ್ಮೆ ನಿಂತೆ, ಕಳೆದೆ. ಇಪ್ಪತ್ತೇಳು ಬಂತು. ರವಿವಾರ ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ಬಿಚ್ಚಿದೆ. ನನ್ನ ಬಟ್ಟೆಗಳು ಒಂದೊಂದಾಗಿ ಹೊರಗೆ ಬಂದವು. ಮಂದಿಯ ಪುಡಿಕೆಗಳು ಒಳಗೆ ಉಳಿದವು. ಮೂರು ಸ್ವೆಟರು, ಒಂದು ಉಣ್ಣೆಯ ಕೋಟು ಮೈಮೇಲೆ ಹಾಕಿಕೊಂಡು ಹೋಗುವುದೆಂದು ತೀರ್ಮಾನವಾಯಿತು.

ಹತ್ತು ಗಂಟೆಗೆ ಖಾಲಿ ಬಾಟಲಿಗಳ ಚೀಲ ಹೊತ್ತು ಬೀದಿಗಿಳಿದೆ. ಅಲ್ಲಿ ಗಾಜಿಗೆಂದೇ ಬೇರೆ ತೊಟ್ಟಿ. ಮೊದಲ ಬಾಟಲಿ ಒಳಗೆ ಬಿದ್ದು ಫಳ್ಳೆಂದಿತೋ ಇಲ್ಲವೋ, ವೋಟು ಹಾಕಿ ಬರುತ್ತಿದ್ದ ಮುದುಕಿಯೊಬ್ಬಳು ಕೋಲೆತ್ತಿ ಬೋರ್ಡು ತೋರಿಸಿದಳು. ರವಿವಾರ ಗಾಜು ಒಡೆದು ಸದ್ದು ಮಾಡಬಾರದು. ಉಳಿದ ಹದಿನಾಲ್ಕು ಬಾಟಲಿ ಮತ್ತೆ ಮೇಲೆ ಬಂದವು. ಅಂದು ಅವರ ದೇಶದ ಸಾರ್ವತ್ರಿಕ ಚುನಾವಣೆ. ಬೀದಿಯೆಲ್ಲ ಇಸ್ತ್ರಿ ಮಾಡಿದಂತೆ ಶಾಂತ.

ಹನ್ನೊಂದಕ್ಕೆ ಕಾನ್‌ಸ್ಟಾಟ್ ಸ್ಟೇಷನ್ನಿನ ಫೋನು ಡಬ್ಬಿಯಿಂದ ಊರಿಗೆ ಮಾತಾಡಿದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಎದುರುಮನೆಯ ವಕೀಲರದು ನಮ್ಮ ಪಿಪಿ ನಂಬರು. ಅವರು ಮಗನನ್ನು ಕೂಗಿ, ಮಗ ಓಡಿ, ಅಪ್ಪ ಚಪ್ಪಲಿ ಹುಡುಕಿ ಬರುವುದರಲ್ಲಿ ಕಾರ್ಡಿನ ಅರ್ಧ ಹಣ ತೀರಿತು.

“ಎಲ್ಲಾ ಕಟ್ಟೀದೇನು?”

“ಕಟ್ಟೀನ್ರಿ ಅಪ್ಪಾ. ಒಲಿ ಹಿಂದಿನ ಗ್ವಾಡಿಗೆ ಒಗ್ಗರಣಿ ಸಿಡದು ಅರಿಷಿಣದ ಕಲಿ ಆಗೇದ. ಅದೊಂದು ಒರಸಬೇಕು.”

ಹಿಂದಿನಿಂದ ಅವ್ವನ ಧ್ವನಿ: “ಅರಿಷಿಣದ ಕಲಿ ಬಿಸಲಿಗೆ ಹೋಗತೈತಿ, ಬಿಸಲಿಗೆ ಹಾಕಂತ ಹೇಳ್ರಿ.” ಅವಳ ಮಾತು ಶಾಸ್ತ್ರಶುದ್ಧವೇ. ಅರಿಶಿಣದ ಹಳದಿ ಬಿಸಿಲಿಗೆ ಹಾರುತ್ತದೆ. ಆದರೆ ಗೋಡೆಯನ್ನು ಬಿಸಿಲಿಗೆ ಹಾಕುವುದು ಹೇಗೆ?

“ಮಧ್ಯಾಹ್ನದ ಗಾಡಿಗೆ ಟ್ಯೂಬಿಂಗನ್ನಿಗೆ ಹೊಂಟೀನ್ರಿ” ಎಂದೆ. ಅಪ್ಪ ಏನೋ ಹೇಳತೊಡಗಿದರು. ಕಾರ್ಡು ಮುಗಿಯಿತು.

ಆ ಕಲೆ ಎರಡು ವರ್ಷದ ಝುಣಕ, ಸಾರು, ಬದನೆಕಾಯಿ ಎಣಗಾಯಿಗಳ ಸಂಚಿತ ಫಲ. ಒರೆಸಿದೆ. ಅದು ಅಗಲವಾಯಿತು. ಸೋಪು ಹಚ್ಚಿ ತಿಕ್ಕಿದೆ. ಗೋಡೆಯ ಬಿಳಿ ಬಣ್ಣ ಕಿತ್ತು, ಹಳದಿ ಉಳಿಯಿತು. ನೋಡಲು ಅಖಂಡ ಕರ್ನಾಟಕದ ನಕಾಶೆಯ ಹಾಗೆ, ಬೀದರದಿಂದ ಚಾಮರಾಜನಗರದವರೆಗೆ. ಆ ನಾಡಿನಲ್ಲಿ ಬಾಡಿಗೆಯವನು ಬಿಡುವಾಗ ಗೋಡೆಯನ್ನು ಬಿಳುಪು ಮಾಡಿ ಕೊಡಬೇಕೆಂದು ನನ್ನ ಕರಾರಿನಲ್ಲಿ ಬರೆದಿತ್ತು. ನಾನು ರುಜು ಮಾಡಿದ್ದೆ, ಓದಿರಲಿಲ್ಲ. ಮಾಲಕಿ ಐದಕ್ಕೆ ಬರುವವಳು. 800 ಮಾರ್ಕಿನ ಪ್ರಶ್ನೆ. ಅಂಗಡಿಗಳು ಶನಿವಾರ ಸಂಜೆ ನಾಲ್ಕಕ್ಕೇ ಮುಚ್ಚಿದ್ದವು. ರವಿವಾರ ಅಲ್ಲಿ ಬ್ರೆಡ್ಡು ಸಿಕ್ಕೀತು, ಬಣ್ಣ ಸಿಕ್ಕುವುದಿಲ್ಲ.

ತುರ್ಕಿ ಅಜ್ಜನ ಬಾಗಿಲು ಬಡಿದೆ. ಬಂದು ಗೋಡೆ ನೋಡಿದ. ಏನೂ ಅನ್ನದೆ ನೆಲಮಾಳಿಗೆಗಿಳಿದು ಅರ್ಧ ಡಬ್ಬಿ ಬಿಳಿ ಬಣ್ಣ, ಒಂದು ರೋಲರು ತಂದ. ನಾನು ಹಚ್ಚಿಯೇ ಬಿಡುವವನಿದ್ದೆ, ಕೈ ಹಿಡಿದ. ಮೊದಲು ಎಣ್ಣೆಜಿಡ್ಡು ತೊಳೆ, ಒಣಗಿಸು, ಆಮೇಲೆ ಹಚ್ಚು ಎಂದು ಕೈಸನ್ನೆ, ಹರಕು ಜರ್ಮನ್ ಎರಡರಲ್ಲಿಯೂ ಹೇಳಿದ. ತೊಳೆದೆವು. ಕಿಟಕಿ ತೆರೆದು ಗಾಳಿಗೆ ಒಣಗಿಸಿದೆವು. ಮೊದಲ ಕೋಟು ಹಚ್ಚಿದೆವು. ಅರ್ಧ ತಾಸಿನಲ್ಲಿ ಕರ್ನಾಟಕ ತೆಳ್ಳಗೆ ಮತ್ತೆ ಮೂಡಿತು. ಗಡಿಯಾರ ಒಂದೂವರೆ ಎಂದಿತು. ಮಧ್ಯಾಹ್ನದ ಗಾಡಿ ಹೋಯಿತು. ಎರಡನೆಯ ಕೋಟು ಒಣಗುವಾಗ ಮೂರು ಗಂಟೆ. ಇನ್ನು ಹೊರಟರೆ ಐದಕ್ಕೆ ತಿರುಗಿ ಬರುವುದಾಗದು. ಕಿಟೆಲ್ ಸಾಹೇಬರ ಊರಿಗೆ ಹೋಗುವ ದಿನ ಹೀಗೆ ಬಣ್ಣ ಒಣಗುವುದನ್ನು ನೋಡುತ್ತ ಕಳೆಯಿತು.

ಆ ಹೊತ್ತಿನಲ್ಲಿ ಅಜ್ಜ ತನ್ನ ಕಥೆ ಹೇಳಿದ. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯಿಂದ ಕೆಲಸಗಾರರನ್ನು ಕರೆಸುವ ಒಪ್ಪಂದ ಮಾಡಿಕೊಂಡಿತ್ತು. ಇವನು ಬಂದದ್ದು 1970ರಲ್ಲಿ, ಕಾರು ಕಾರ್ಖಾನೆಗೆ, ಎರಡೇ ವರ್ಷಕ್ಕೆಂದು. ಹೆಂಡತಿ ಬಂದಳು, ಮಕ್ಕಳಾದರು, ಮೊಮ್ಮಕ್ಕಳಾದರು. ಕಪಾಟಿನ ಮೇಲೆ ಆ ಹಳೆಯ ಸೂಟ್‌ಕೇಸು ಇನ್ನೂ ಇದೆಯಂತೆ. ಬರುವ ವರ್ಷ ಹೋಗುವುದೇ ಎಂದ. “ನಿನಗೆ ಒಂದೇ ದಿನದ ಕಷ್ಟ” ಎಂದೂ ಅಂದು ನಕ್ಕ. ಇಪ್ಪತ್ತೆಂಟು ವರ್ಷ ಅವನ ‘ನಾಳೆ’ ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ನಗಲಿಲ್ಲ.

ಐದಕ್ಕೆ ಸರಿಯಾಗಿ ಮಾಲಕಿ ಬಂದಳು. ಎಪ್ಪತ್ತರ ಮುದುಕಿ, ಬಾಗಿಲ ಚೌಕಟ್ಟಿನ ಮೇಲೂ ಬೆರಳು ಎಳೆದು ನೋಡುವಷ್ಟು ಜಾಗರೂಕಳು. ಕರೆಂಟಿನ ಮೀಟರು ಬರೆದುಕೊಂಡಳು, ನಲ್ಲಿ ತಿರುಗಿಸಿದಳು, ಬೀಗದ ಕೈ ಎಣಿಸಿದಳು. ಒಲೆಯ ಹಿಂದಿನ ಗೋಡೆಯ ಮುಂದೆ ನಿಂತು ಮೂಗು ಅರಳಿಸಿದಳು. ನನ್ನ ಎದೆ ಬಡಿತ ಅವಳಿಗೂ ಕೇಳಿಸಿರಬೇಕು. “ಹೊಸ ಬಣ್ಣ,” ಎಂದಳು, “ಒಳ್ಳೆಯದು.” ಕಾಗದಕ್ಕೆ ಇಬ್ಬರೂ ರುಜು ಹಾಕಿದೆವು. ನಾನು ಕೈ ಚಾಚಿದೆ ಎನ್ನಲಾರೆ, ಆದರೆ ಚಾಚಿದಂತೆಯೇ ನಿಂತೆ.

ಆಗ ಅವಳು ಕೇಳಿದಳು: “ನಿಮ್ಮ ಬ್ಯಾಂಕಿನ ಖಾತೆ ನಂಬರು?”

ಠೇವಣಿಯನ್ನು ಅಂದೇ ಕೈಯಲ್ಲಿ ಕೊಡುವ ಪದ್ಧತಿಯಿಲ್ಲ. ಕೊಠಡಿ ಕಾಯಿಸಿದ ಖರ್ಚು, ನೀರಿನ ಖರ್ಚಿನ ವಾರ್ಷಿಕ ಲೆಕ್ಕ ಬಂದ ಮೇಲೆ ಕಳೆದುಕೊಂಡು, ಕೆಲವು ತಿಂಗಳಿಗೆ ಖಾತೆಗೆ ಜಮಾ ಮಾಡುತ್ತಾರೆ. ಇದೂ ಆ ಓದದ ಕರಾರಿನಲ್ಲಿಯೇ ಇತ್ತು. ಅವಳದೇನೂ ತಪ್ಪಿಲ್ಲ. ಖಾತೆ ಎಲ್ಲಿದೆ? ಶುಕ್ರವಾರ ಕತ್ತರಿಯಿಂದ ಎರಡು ತುಂಡಾಗಿತ್ತು.

ನಾಲ್ಕು ಪಾಟಲಿ ಕಣ್ಣ ಮುಂದೆ ಬಂದವು. ಬಾಗಿಲಲ್ಲಿ ನಿಂತಿದ್ದ ಅಜ್ಜ ತನ್ನ ಪಾಕೀಟು ತೆಗೆದು ತನ್ನ ಬ್ಯಾಂಕಿನ ಕಾರ್ಡು ಮುಂದೆ ಹಿಡಿದ. ಮಾಲಕಿ ನನ್ನ ಮುಖ ನೋಡಿದಳು. ಹೂಂ ಎಂದೆ. ಬೇರೇನೂ ಹೇಳುವ ಹಾಗಿರಲಿಲ್ಲ. ಅವಳು ನಂಬರು ಬರೆದುಕೊಂಡಳು. ಎರಡು ವರ್ಷ ಒಂದೇ ಮೆಟ್ಟಿಲು ಹತ್ತಿಳಿದ ಆ ಮನುಷ್ಯನ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ. ರಾತ್ರಿ ಯಾರೂ ಇಲ್ಲದಾಗ ಕೆಳಗಿಳಿದು ಬಾಗಿಲ ಗಂಟೆಯ ಮೇಲಿನ ಚೀಟಿ ನೋಡಿ ಬರೆದುಕೊಂಡೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಅಂದು ರಾತ್ರಿ ಊಟ ಅವನ ಮನೆಯಲ್ಲಿಯೇ. ಟೀವಿಯಲ್ಲಿ ಚುನಾವಣೆಯ ಫಲಿತಾಂಶ. ಹದಿನಾರು ವರ್ಷ ಆಳಿದ ಹೆಲ್ಮುಟ್ ಕೋಲ್ ಸೋತು ಗೆರ್‌ಹಾರ್ಡ್ ಶ್ರೋಡರ್ ಗೆದ್ದಿದ್ದ. ಗಂಟುಮೂಟೆ ಕಟ್ಟುವವನು ಆ ರಾತ್ರಿ ನಾನೊಬ್ಬನೇ ಅಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ಹದಿನಾಲ್ಕು ಬಾಟಲಿಗಳನ್ನು ಸೋಮವಾರ ಹಾಕುತ್ತೇನೆಂದು ಅಜ್ಜಿ ಇಟ್ಟುಕೊಂಡಳು.

ಮುಂಜಾನೆ ಸ್ಟುಟ್‌ಗಾರ್ಟ್ ಸ್ಟೇಷನ್ನಿನಲ್ಲಿ ಫ್ರಾಂಕ್‌ಫರ್ಟಿನ ಗಾಡಿಗೆ ಹತ್ತು ನಿಮಿಷವಿತ್ತು. ಅಂಗಡಿಯಲ್ಲಿ ಟ್ಯೂಬಿಂಗನ್ನಿನ ಒಂದು ಚಿತ್ರದ ಕಾರ್ಡು ಕಂಡಿತು. ನೆಕ್ಕರ್ ಹೊಳೆ, ದಂಡೆಯ ಮೇಲೆ ಒತ್ತಾಗಿ ನಿಂತ ಬಣ್ಣಬಣ್ಣದ ಮನೆಗಳು. ಕೊಂಡೆ. ಯಾಕೆ ಕೊಂಡೆನೆಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಸ್ವೆಟರು, ಉಣ್ಣೆಯ ಕೋಟು ತೊಟ್ಟು ಮುಂಬಯಿಯ ಸಹಾರ ನಿಲ್ದಾಣದಲ್ಲಿ ಇಳಿದವನನ್ನು ಕಸ್ಟಮ್ಸಿನವರು ಸಂಶಯದಿಂದಲೇ ನೋಡಿದರು, ತವೆಯನ್ನು ತಿರುವಿ ತಿರುವಿ ನೋಡಿದರು. ಮಂಗಳವಾರ ಸಂಜೆಯ ಬಸ್ಸು. ಪುಣೆ, ಸಾತಾರಾ, ಕೊಲ್ಹಾಪುರ. ನಿಪ್ಪಾಣಿಯ ಹತ್ತಿರ ಕನ್ನಡ ಬೋರ್ಡು ಕಂಡಾಗ ಎಚ್ಚರಿದ್ದೆ. ಈಗ ನನ್ನ ಸೊಸಿ ಬೆಂಗಳೂರಿಗಿಳಿದು, 2023ರಿಂದ ಓಡುವ ವಂದೇ ಭಾರತ ರೈಲಿನಲ್ಲಿ ಧಾರವಾಡಕ್ಕೇ ಬಂದಿಳಿಯಬಹುದು. ಮನಸ್ಸು ಮಾಡಿದರೆ ಹುಬ್ಬಳ್ಳಿಗೆ ಹಾರಿಯೂ ಬರಬಹುದು. ನಾನು ಬುಧವಾರ ಮುಂಜಾನೆ ಇಳಿದಾಗ ಬಸ್ಸಿನ ಮೂತಿಗೆ ಚೆಂಡುಹೂವಿನ ಮಾಲೆ ಏರಿಸುತ್ತಿದ್ದರು. ಖಂಡೆ ಪೂಜೆಯ ದಿನ.

ಅಪ್ಪ ಅಂದು ಏನೂ ಕೇಳಲಿಲ್ಲ. ಅವ್ವನ ಬರಿ ಕೈ ಬಡಿಸುವುದನ್ನು ನೋಡುತ್ತ ಉಂಡೆ. ಹಣದ ಸಂಗತಿ ಹೇಳಿದೆ. “ಬರತೈತಿ ಬಿಡೊ” ಎಂದಳು. ಮರುದಿನ ದಸರಾ. ಸಂಜೆ ಓಣಿಯ ಮಂದಿಯೆಲ್ಲ ಬನ್ನಿ ಹಂಚಿಕೊಂಡೆವು. ಬನ್ನಿ ತೊಗೊಂಡು ಬಂಗಾರದ್ಹಂಗ ಇರೂಣು ಎಂದು ಎಲೆ ಕೈಗಿಟ್ಟು ಹಿರಿಯರ ಕಾಲು ಮುಟ್ಟುವುದು. ಅವ್ವನ ಕೈಗೆ ಬನ್ನಿ ಇಡುವಾಗ, ಬ್ಯಾಂಕಿನಲ್ಲಿದ್ದ ನಿಜವಾದ ಬಂಗಾರ ನೆನಪಾಗಿ ತಲೆ ಎತ್ತಲಿಲ್ಲ.

ಆ ರಾತ್ರಿ ಅಪ್ಪ ಕೇಳಿದರು. “ಟ್ಯೂಬಿಂಗನ್ ಹೆಂಗೈತಿ?”

ಕಾರ್ಡು ತಂದು ಕೊಟ್ಟೆ. ಬಾಯಿ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು, ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು, “ಇದರಾಗ ಕಿಟೆಲ್ ಸಾಹೇಬರು ಇದ್ದದ್ದು ಯಾವುದು? ಕೇಳಿದ್ಯೇನು ಅಲ್ಲಿ ಮಂದೀನ?” ಎಂದರು.

ಯಾವುದಾದರೂ ಒಂದು ಮನೆ ತೋರಿಸಿಬಿಡಬಹುದಿತ್ತು. ತೋರಿಸಲೆಂದು ಬೆರಳನ್ನೂ ಎತ್ತಿದೆ. ಆಗಲಿಲ್ಲ. “ಹೋಗಲಿಲ್ರಿ ಅಪ್ಪಾ. ಗ್ವಾಡಿಗೆ ಬಣ್ಣ ಹಚ್ಚೂದ್ರಾಗ ದಿನ ಹೋತು” ಎಂದೆ.

ಅವರು ಕಾರ್ಡನ್ನು ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನಾನೇ ತಡೆಯಲಾರದೆ, ಈ ನೆಕ್ಕರ್ ಹೊಳೆ ಮೊದಲು ಟ್ಯೂಬಿಂಗನ್ನಿಗೆ ಹೋಗಿ, ಆಮೇಲೆ ಎಸ್ಲಿಂಗನ್, ಆಮೇಲೆ ನಾನಿದ್ದ ಕಾನ್‌ಸ್ಟಾಟಿಗೆ ಬರುತ್ತದೆ, ದಿನಾ ಅದರ ದಂಡೆಯ ಮೇಲೇ ಅಡ್ಡಾಡುತ್ತಿದ್ದೆ ಎಂದು ಏನೇನೋ ಹೇಳಿದೆ.

“ಎಸ್ಲಿಂಗನ್ ಅಂದ್ಯಾ?” ಅಪ್ಪ ನೆಟ್ಟಗೆ ಕೂತರು. “ನೋಡೀಯೇನು ಆ ಊರು?”

“ವಾರಕ್ಕೊಮ್ಮೆ ಹೋಗ್ತಿದ್ನಿ. ಹತ್ತು ನಿಮಿಷದ ದಾರಿ. ಅಲ್ಲಿ ಬದನಿಕಾಯಿ ಚಲೋ ಸಿಗ್ತಿದ್ದವು.”

“ಹುಚ್ಚಾ! ಮೋಗ್ಲಿಂಗ್ ಸಾಹೇಬರು ತೀರಿಕೊಂಡದ್ದು ಅಲ್ಲೇ. 1881ರಾಗ.”

1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಹರ್ಮನ್ ಮೋಗ್ಲಿಂಗ್. ಎರಡು ವರ್ಷ ಚೀಲ ಹಿಡಿದು ಆ ಊರಿನಲ್ಲಿ ಸುತ್ತಿದವನಿಗೆ ಅದರ ಸುಳಿವಿರಲಿಲ್ಲ. ಧಾರವಾಡ ಬಿಟ್ಟು ಹೋಗದ ಮಾಸ್ತರರಿಗೆ ಗೊತ್ತಿತ್ತು. ಅಪ್ಪ ಎದ್ದು ಮಾಡದಿಂದ ನಿಘಂಟು ತೆಗೆದು, ಕಾರ್ಡನ್ನು ಅದರೊಳಗೆ ಇಟ್ಟರು. ಎಸ್ಲಿಂಗನ್ನಿನ ಬೀದಿಗಳು ಹೇಗಿವೆ, ಚರ್ಚು ಎಷ್ಟಿವೆ, ದ್ರಾಕ್ಷಿ ಬೆಳೆಯುತ್ತಾರಂತಲ್ಲ ನಿಜವೇ ಎಂದು ನಡುರಾತ್ರಿಯವರೆಗೆ ಕೇಳಿದರು. ನಾನು ಬದನೆಕಾಯಿಯ ಅಂಗಡಿಗೆ ಹೋಗುವ ದಾರಿಯಲ್ಲಿ ಕಂಡದ್ದನ್ನೆಲ್ಲ ಕೆದಕಿ ಕೆದಕಿ ಹೇಳಿದೆ.

1999ರ ಫೆಬ್ರುವರಿಯಲ್ಲಿ ಜರ್ಮನಿಯಿಂದ ರಿಜಿಸ್ಟರ್ ಲಕೋಟೆ ಬಂತು. ಒಳಗೆ 742 ಮಾರ್ಕಿನ ಬ್ಯಾಂಕ್ ಚೆಕ್ಕು, ಕೊಠಡಿ ಕಾಯಿಸಿದ ಖರ್ಚಿಗೆ 58 ಮಾರ್ಕು ಕಳೆದ ಮಾಲಕಿಯ ಲೆಕ್ಕ, ಅಜ್ಜನ ಮೊಮ್ಮಗಳು ಬರೆದ ಎರಡು ಸಾಲು. ಚೆಕ್ಕು ಕಳಿಸಿದ ಖರ್ಚನ್ನು ಅಜ್ಜ ಹಿಡಿದುಕೊಂಡಿರಲಿಲ್ಲ. ಧಾರವಾಡದ ಬ್ಯಾಂಕಿನಲ್ಲಿ ಆ ಚೆಕ್ಕು ಹಣವಾಗಲು ಆರು ವಾರ ಬೇಕಾದವು. ಏಪ್ರಿಲ್ಲಿನಲ್ಲಿ ಪಾಟಲಿ ಮನೆಗೆ ಬಂದವು, ಮೇ ತಿಂಗಳಲ್ಲಿ ತಂಗಿಯ ಕೈಗೇರಿದವು. ಇಷ್ಟನ್ನು ಕೇಳಿ ಅಳಿಯ ಹೆಂಡತಿಯ ಕೈ ಕಡೆ ನೋಡಿದರು. ಅವಳು ಸೆರಗು ಎಳೆದುಕೊಂಡಳು.

ಅಷ್ಟರಲ್ಲಿ ಫೋನಿನೊಳಗೆ ಸದ್ದಾಯಿತು. ಸೊಸಿ ತಿರುಗಿ ಬಂದಿದ್ದಳು. ಕೈಯಲ್ಲಿ ಒಂದು ಬಿಳಿ ಡಬ್ಬಿ, ಹಿಂದೆ ಗರಗಸದಂಥ ಮೀಸೆಯ ಒಬ್ಬ ಮುದುಕ. ಯಾವ ದೇಶದವನೋ, ಕೇಳಲಿಲ್ಲ. “ಮೊದಲ ತೊಳಕೊ, ಒಣಗಿಸು, ಆಮ್ಯಾಲ ಹಚ್ಚು” ಎಂದು ನಾನು ಕೂಗಿದೆ. “ತೂತಿಗೆ ತೊಳಿಯೂದೇನು ಮಾಮಾ” ಎಂದು ಅವಳು ನಕ್ಕಳು.

ಅಪ್ಪ 2011ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಮನೆಗೆ ಬಂದ ಪ್ರತಿಯೊಬ್ಬ ಮಾಸ್ತರರಿಗೂ ತಮ್ಮ ಮಗ ಮೋಗ್ಲಿಂಗ್ ಸಾಹೇಬರ ಊರಿನಲ್ಲಿ ಓಡಾಡಿದ್ದನ್ನು ಹೇಳುತ್ತಿದ್ದರು. ಹೇಳಿದಂತೆಲ್ಲ ಆ ತರಕಾರಿ ಅಂಗಡಿ ಸಾಹೇಬರ ಮನೆಗೆ ಹತ್ತಿರವಾಗುತ್ತ ಬಂತು. ಮೊದಲು ಅದೇ ಊರು, ಆಮೇಲೆ ಅದೇ ಓಣಿ. ಕೊನೆಕೊನೆಗೆ ನಾನು ಬದನೆಕಾಯಿ ಆರಿಸಿ ಕೊಂಡದ್ದು ಮೋಗ್ಲಿಂಗ್ ಸಾಹೇಬರ ಮನೆಯ ಕಟ್ಟೆಯ ಮೇಲೆಯೇ ಎಂದಾಗಿತ್ತು. ನಾನು ಪಕ್ಕದಲ್ಲಿ ಕೂತಿದ್ದರೂ ತಿದ್ದುತ್ತಿರಲಿಲ್ಲ.